ಹಿಮ್ಮಡಿ ತಿರುಗುವ ಜಾಗ

ನಿವೃತ್ತರಾದ ಮರು ಸೋಮವಾರವೇ ವೆಂಕಟಸುಬ್ಬಯ್ಯನವರು ಸ್ವೆಟರಿನ ಮೇಲೆ ಕೋಟು ತೊಟ್ಟು, ದಿಲ್ಲಿಯ ದ್ವಾರಕಾದ ತಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಮುಂದೆ ಎಂದಿನ ಹಾಗೆ ಬಸ್ಸಿಗೆ ಕಾಯುತ್ತ ನಿಂತದ್ದನ್ನು ಕಂಡು ಗೇಟಿನ ಗಾರ್ಡಿಗೇ ಅಯ್ಯೋ ಪಾಪ ಅನ್ನಿಸಿತು. ಗುರುವಾರ ಸಂಜೆ ತಾನೇ ಅದೇ ಬಸ್ಸಿನಿಂದ ಕೊರಳಲ್ಲಿ ಚೆಂಡುಹೂವಿನ ಹಾರ, ಕಂಕುಳಲ್ಲಿ ಗೋಡೆ ಗಡಿಯಾರ ಇಟ್ಟುಕೊಂಡು ಇಳಿದ ಮನುಷ್ಯ ಇವರು. ಅಭ್ಯಾಸಬಲ ಅಂದುಕೊಂಡ ಅವನು, ಕುರ್ಚಿ ತಂದು ಹಾಕಿ, "ಸಾಬ್, ಕೂತ್ಕೊಳ್ಳಿ. ಮೇಡಮ್‌ನ ಕರೀಲಾ?" ಎಂದು ಮೆತ್ತಗೆ ಕೇಳಿದ. ವೆಂಕಟಸುಬ್ಬಯ್ಯನವರಿಗೆ ರೇಗಿಹೋಯಿತು. "ನನ್ನ ತಲೆ ಸರಿಯಾಗೇ ಇದೆಯಪ್ಪಾ" ಅಂದರು. ಅಂದುಬಿಟ್ಟರೇ ಹೊರತು, ಆ ಮಾತಿನ ಬಗ್ಗೆ ಅವರಿಗೇ ಅಷ್ಟು ಧೈರ್ಯ ಇರಲಿಲ್ಲ.

ಅವರ ಕೋಟಿನ ಜೇಬಿನಲ್ಲಿ ಒಂದು ಕಾಲುಚೀಲ ಇತ್ತು. ಅವರು ಹೊರಟದ್ದೇ ಅದಕ್ಕೋಸ್ಕರ.

ಚಾರ್ಟರ್ಡ್ ಬಸ್ಸಿನ ವಿಷಯ ದಿಲ್ಲಿಯಲ್ಲಿ ಇರದವರಿಗೆ ಸ್ವಲ್ಪ ಹೇಳಬೇಕು. ಸಚಿವಾಲಯದ ನೌಕರರು ತಿಂಗಳಿಗಿಷ್ಟು ಅಂತ ಕೊಟ್ಟು ಹಿಡಿದುಕೊಂಡ ಖಾಸಗಿ ಬಸ್ಸು ಅದು. ವರ್ಷಗಟ್ಟಲೆ ಅದೇ ಸೀಟು, ಅದೇ ಪಕ್ಕದವರು. ಹಿಂದಿನ ಸೀಟುಗಳಲ್ಲಿ ಗಂಡಸರು ಮೊಣಕಾಲ ಮೇಲೆ ಬ್ರೀಫ್‌ಕೇಸ್ ಅಡ್ಡ ಇಟ್ಟು ಇಸ್ಪೀಟಾಡುತ್ತಾರೆ. ಮುಂದಿನ ಸೀಟುಗಳಲ್ಲಿ ಹೆಂಗಸರು ಬಟಾಣಿ ಬಿಡಿಸುತ್ತಾರೆ, ಚಳಿ ಶುರುವಾಯಿತೆಂದರೆ ಹೆಣೆಯುತ್ತಾರೆ. ಯಾರಿಗಾದರೂ ಬಡ್ತಿ ಸಿಕ್ಕರೆ ಸಮೋಸಾ, ಯಾರಾದರೂ ನಿವೃತ್ತರಾದರೆ ಸಮೋಸಾದ ಜೊತೆಗೆ ಹಾರ. ಈಚೆಗೆ ಮೆಟ್ರೋ ಬಂದು ಒಬ್ಬೊಬ್ಬರೇ ಅತ್ತ ಜಾರುತ್ತಿದ್ದರೂ ಈ ಬಸ್ಸಿನವರು ಮಾತ್ರ ಹಟ ಹಿಡಿದು ಕೂತಿದ್ದರು. ಅಲ್ಲ ಮತ್ತೆ, ಮೆಟ್ರೋದಲ್ಲಿ ಬಟಾಣಿ ಬಿಡಿಸಲು ಯಾರು ಬಿಡುತ್ತಾರೆ?

ಬೀಳ್ಕೊಡುಗೆಯ ದಿನ ಮುಂದಿನ ಸೀಟಿನ ಹೆಂಗಸರೆಲ್ಲ ಸೇರಿ ವೆಂಕಟಸುಬ್ಬಯ್ಯನವರಿಗೆ ಕೈಯಲ್ಲಿ ಹೆಣೆದ ಒಂದು ಜೊತೆ ಬೂದುಬಣ್ಣದ ಕಾಲುಚೀಲ ಕೊಟ್ಟಿದ್ದರು. ಶುಕ್ರವಾರ ಬೆಳಿಗ್ಗೆ, ಮಾಡಲು ಏನೂ ಕೆಲಸವಿಲ್ಲದ ಮೊದಲ ಬೆಳಿಗ್ಗೆ, ಬಾಲ್ಕನಿಯ ಬಿಸಿಲಿನಲ್ಲಿ ಕೂತು ಅದನ್ನು ಹಾಕಿಕೊಳ್ಳಲು ಹೋದವರು ಹಾಗೇ ತಡೆದರು. ಮೇಲಿಂದ ಕೆಳಗೆ ಕೊಳವೆ ಹಾಗೆ ಬಂದ ಹೆಣಿಗೆ ಹಿಮ್ಮಡಿಯ ಹತ್ತಿರ ತಿರುಗಿ ಮುಂದಕ್ಕೆ ಹೋಗಿತ್ತು. ಹೇಗೆ ತಿರುಗಿತು? ಎಲ್ಲಾದರೂ ಹೊಲಿದು ಜೋಡಿಸಿರಬೇಕಲ್ಲ ಎಂದು ಒಳಮಗ್ಗುಲು ಹೊರಗೆ ಮಾಡಿ ನೋಡಿದರು. ಹೊಲಿಗೆ ಇಲ್ಲ. ಕನ್ನಡಕ ಬದಲಾಯಿಸಿ ನೋಡಿದರು. ಜೀವಮಾನವಿಡೀ ಬೇರೆಯವರು ಬರೆದ ಕರಡಿನಲ್ಲಿ ಎಲ್ಲಿ ತೇಪೆ ಹಾಕಿದ್ದಾರೆ ಎಂದು ಹುಡುಕಿ ಹುಡುಕಿ ಪಳಗಿದ ಕಣ್ಣು ಅದು. ಆ ಕಣ್ಣಿಗೂ ಸಿಗಲಿಲ್ಲ.

"ಹಾಕ್ಕೊಳ್ರೀ, ಬೆಚ್ಚಗಿರತ್ತೆ" ಅಂದರು ಹೆಂಡತಿ ಪಂಕಜಾ, ಕಾಫಿ ತಂದಿಟ್ಟು. "ಅದೇನು ಅದನ್ನ ಹಿಂದೆ ಮುಂದೆ ತಿರುವಿ ನೋಡ್ತಿದೀರಿ, ಮದುವೆಗೆ ಹುಡುಗಿ ನೋಡೋ ಹಾಗೆ!"

"ಇದು ಹೇಗೆ ತಿರುಗಿದೆ ಹೇಳು ನೋಡೋಣ."

"ಕಾಲಿದ್ದ ಹಾಗೆ ತಿರುಗಿದೆ. ಕಾಫಿ ಆರಿಹೋಗತ್ತೆ."

ಮಗಳು ಹರಿಣಿ ಗುಡಗಾಂವಿನ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದಳು. "ಅರೇ ಅಪ್ಪಾ, ನೆಟ್ ಮೇಲೆ ಸಬ್ ಕುಛ್ ಸಿಗುತ್ತೆ" ಎಂದು ಆಫೀಸಿನಿಂದ ಎರಡು ಹಾಳೆ ಪ್ರಿಂಟ್ ತೆಗೆದು ತಂದುಕೊಟ್ಟಳು. ಹಾಳೆಯ ತುಂಬ ಇಂಗ್ಲಿಷಿನ ತುಂಡಕ್ಷರಗಳು, ಅಂಕಿಗಳು, ನಕ್ಷತ್ರದ ಗುರುತುಗಳು. ವೆಂಕಟಸುಬ್ಬಯ್ಯನವರು ಅದನ್ನು ಶನಿವಾರವೆಲ್ಲ ಓದಿದರು. ಒಂದಕ್ಷರ ತಲೆಗೆ ಹತ್ತಲಿಲ್ಲ. ಆಗಲೇ ಅವರಿಗೆ ಹೆದರಿಕೆ ಶುರುವಾಯಿತು.

ಅದಕ್ಕೆ ಕಾರಣ ಇತ್ತು. ವರ್ಷದ ಮೊದಲಲ್ಲಿ ಕಚೇರಿಯವರನ್ನು ಕಂಪ್ಯೂಟರ್ ತರಬೇತಿಗೆ ಕಳಿಸುತ್ತಿದ್ದಾಗ ಇವರೂ ಹೆಸರು ಕೊಟ್ಟಿದ್ದರು. ಆ ಕಚೇರಿಯಲ್ಲಿ ಒಂದು ಪದ್ಧತಿ: ಸೇವೆ ಕಡಿಮೆ ಉಳಿದವರನ್ನು ತರಬೇತಿಗೆ ಕಳಿಸುವುದಿಲ್ಲ. ಕಲಿತು ಏನು ಉಪಯೋಗ, ಹೋಗುವವರಲ್ಲವೇ? ಆ ಪದ್ಧತಿಯ ಪ್ರಕಾರ ಎಷ್ಟೋ ಹಿರಿಯರ ಹೆಸರನ್ನು ವೆಂಕಟಸುಬ್ಬಯ್ಯನವರೇ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದರು, ಎರಡನೇ ಸಲ ಯೋಚನೆ ಕೂಡ ಮಾಡದೆ. ಈಗ ಇವರ ಹೆಸರು ಬಂದಾಗ ಹೊಸ ಡೈರೆಕ್ಟರು, ಮಗನ ವಯಸ್ಸಿನವನು, ಕಡತದಿಂದ ತಲೆಯೆತ್ತದೆ ಅಂದಿದ್ದ: "ವೆಂಕಟ್ ಸಾಹಬ್‌ಗೆ ಯಾಕೆ ತೊಂದರೆ? ಇನ್ನು ಕೆಲವೇ ತಿಂಗಳು, ಬಿಡಿ." ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಅದಕ್ಕೇ ಇನ್ನಷ್ಟು ನಾಟಿತು. ಒಂದು ದಿನ ಎಲ್ಲರೂ ಊಟಕ್ಕೆ ಹೋದಾಗ ತಾವೇ ಕಂಪ್ಯೂಟರ್ ಮುಂದೆ ಕೂತು, ಮೌಸ್ ಎಂಬ ಇಲಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಆಡಿಸಿದ್ದರು, ತೆರೆಯ ಮೇಲಿನ ಬಾಣ ಕದಲದಿದ್ದಾಗ ಪ್ಯೂನ್ ನೋಡಿ ನಕ್ಕಿದ್ದ. ಅಂದಿನಿಂದ ಅವರಿಗೆ ಒಂದೇ ಭಯ: ಡೈರೆಕ್ಟರು ಹೇಳಿದ್ದು ನಿಜವಿದ್ದರೆ? ತನ್ನ ತಲೆಗೆ ಇನ್ನು ಹೊಸದೇನೂ ಹೋಗುವುದೇ ಇಲ್ಲವಾದರೆ? ಸರ್ಕಾರ ಕಳಿಸಿದ್ದು ನೌಕರಿಯಿಂದ. ತಲೆಯೂ ಅದೇ ದಿನ ಬಾಗಿಲು ಹಾಕಿಕೊಂಡಿತೋ ಏನೋ, ಯಾರಿಗೆ ಗೊತ್ತು? ಇದನ್ನು ಹೆಂಡತಿಯ ಹತ್ತಿರವೂ ಹೇಳಿರಲಿಲ್ಲ. ಕಾಲುಚೀಲದ ಹಿಮ್ಮಡಿ ಹೇಗೆ ತಿರುಗುತ್ತದೆ ಎಂದು ಗೊತ್ತುಮಾಡಿಕೊಂಡು, ತನ್ನ ಕೈಯಲ್ಲೇ ತಿರುಗಿಸಿಬಿಟ್ಟರೆ ತಲೆ ಇನ್ನೂ ತೆರೆದಿದೆ ಅಂತ ಲೆಕ್ಕ. ಇಲ್ಲದಿದ್ದರೆ ಇಲ್ಲ. ಅರವತ್ತು ತುಂಬಿದ ಮನುಷ್ಯ ಹೀಗೆ ತನಗೆ ತಾನೇ ಪಂದ್ಯ ಕಟ್ಟಿಕೊಂಡು ಬಸ್ಸಿಗೆ ಕಾಯುತ್ತಿದ್ದ ಎಂದರೆ ನಗಬೇಡಿ.

ಬಸ್ಸು ಬಂತು. ಇವರು ಹತ್ತಿದ್ದೇ ತಡ, ಹಿಂದಿನಿಂದ ಇಸ್ಪೀಟಿನ ಗುಂಪು ಹೋ ಅಂದಿತು. "ಅರೇ ವೆಂಕಟ್ ಸಾಹಬ್! ಗಡಿಯಾರ ನಡೀತಿಲ್ವಾ? ವಾಪಸ್ ಕೊಡೋಕೆ ಬಂದ್ರಾ?" ಅವರ ಸೀಟಿನಲ್ಲಿ ಆಗಲೇ ಯಾರೋ ಹೊಸಬ ಕೂತು ಕಿವಿಗೆ ತಂತಿ ಸಿಕ್ಕಿಸಿಕೊಂಡು ತೂಕಡಿಸುತ್ತಿದ್ದ. ಮನಸ್ಸಿಗೆ ಚುರುಕ್ ಅಂದಿತು, ಸುಳ್ಳು ಯಾಕೆ ಹೇಳಬೇಕು? ಆದರೆ ಅವರು ಹಿಂದಕ್ಕೆ ಹೋಗದೆ ಮುಂದಿನ ಸೀಟಿನ ಕಂಬಿ ಹಿಡಿದು ನಿಂತು, ಜೇಬಿನಿಂದ ಕಾಲುಚೀಲ ತೆಗೆದು ಸಂತೋಷ್ ಭಾಟಿಯಾರ ಮುಂದೆ ಹಿಡಿದರು. ಆಕೆ ಬೇರೊಂದು ಇಲಾಖೆಯ ಅಸಿಸ್ಟೆಂಟು, ಬಸ್ಸಿನ ಹೆಣಿಗೆಯವರಿಗೆಲ್ಲ ದೊಡ್ಡಕ್ಕ.

"ಚಿಕ್ಕದಾಯ್ತಾ?" ಅಂದರು ಆಕೆ.

"ಅಲ್ಲ ಭಾಟಿಯಾಜಿ. ಈ ಹಿಮ್ಮಡಿ ಹೇಗೆ ತಿರುಗಿಸಿದ್ರಿ, ಅದನ್ನ ತೋರಿಸಿಕೊಡ್ಬೇಕು."

ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಸಂತೋಷ್ ಭಾಟಿಯಾ ಮಾತ್ರ ನಗಲಿಲ್ಲ, ತುಸು ಹುಳ್ಳಗೆ ಮುಖ ಮಾಡಿದರು. "ಹಿಮ್ಮಡಿ ನಂದಲ್ಲ ಭಾಯಿಸಾಹಬ್" ಅಂದರು.

ಆಗ ಹೊರಬಿತ್ತು ನೋಡಿ ಸಂಗತಿ. ಇಷ್ಟು ವರ್ಷ ಅವರ ಮುಂದೆಯೇ ನಡೆದಿದ್ದರೂ ಇಸ್ಪೀಟಿನಲ್ಲಿ ಮುಳುಗಿದ್ದ ಇವರಿಗೆ ಗೊತ್ತೇ ಆಗಿರಲಿಲ್ಲ. ಬಸ್ಸಿನಲ್ಲಿ ಕಾಲುಚೀಲವೂ ಕಡತದ ಹಾಗೇ ಸಾಗುತ್ತಿತ್ತು! ಮೇಲಿನ ಪಟ್ಟಿ ಒಬ್ಬರು ಹೆಣೆಯುವುದು, ಕಾಲಿನ ಭಾಗ ಭಾಟಿಯಾ, ಪಾದದ ಭಾಗ ಕಿಟಕಿ ಪಕ್ಕದವರು, ಬೆರಳಿನ ತುದಿ ಮುಚ್ಚುವುದು ಇನ್ನೊಬ್ಬರು. ಹಿಮ್ಮಡಿ ಇವರಲ್ಲಿ ಒಬ್ಬರಿಗೂ ಬಾರದು. ಅದು ಹೊರಗೆ ಹೋಗಿ ಬರುತ್ತಿತ್ತು. ಭಾಟಿಯಾರ ಸೊಸೈಟಿಯಲ್ಲೇ ಒಬ್ಬ ಮುದುಕಿ ಇದ್ದಾರೆ. ಭಾಟಿಯಾ ಹೊಸದಾಗಿ ನೌಕರಿಗೆ ಸೇರಿದ್ದಾಗ ಅದೇ ಸೆಕ್ಷನ್ನಿನಲ್ಲಿದ್ದ ಹಳೇ ಗುಮಾಸ್ತೆ. ಶನಿವಾರ ಕೊಟ್ಟರೆ ಸೋಮವಾರಕ್ಕೆ ಹಿಮ್ಮಡಿ ತಿರುಗಿಸಿ ಕೊಡುತ್ತಾರೆ.

"ಇಷ್ಟು ವರ್ಷದಲ್ಲಿ ನೀವ್ಯಾರೂ ಕಲಿಯಲಿಲ್ವಾ?" ಎಂದರು ವೆಂಕಟಸುಬ್ಬಯ್ಯ.

"ಕೊಟ್ಟರೆ ಆಗಿ ಬರುತ್ತಿತ್ತಲ್ಲ" ಅಂದರು ಭಾಟಿಯಾ. "ಹೋಗಿ ನೋಡಿ. ನಿಮ್ಮ ಕಡೆಯವರೇ. ಶಾಂತಮ್ಮ ಅಂತ."

ಸಚಿವಾಲಯದವರೆಗೂ ಹೋಗುವ ಕೆಲಸವೇ ಉಳಿಯಲಿಲ್ಲ. ನಡುದಾರಿಯ ಧೌಲಾ ಕುವಾದಲ್ಲಿ ಇಳಿದು, ರಸ್ತೆ ದಾಟಿ, ವಾಪಸ್ ದ್ವಾರಕಾ ಬಸ್ ಹಿಡಿದು ಮನೆಗೆ ಬಂದರು. ಮಧ್ಯಾಹ್ನ ಊಟವಾದ ಮೇಲೆ ಪಂಕಜಾಗೆ ಹೇಳಿ ಹೊರಟಾಗ ಆಕೆ, "ಪಾರ್ಕಿನಲ್ಲಿ ಕೇಶವಮೂರ್ತಿಗಳು ನಗೋ ಕ್ಲಬ್ ಮಾಡಿದಾರಂತೆ, ಅಲ್ಲಾದ್ರೂ ಹೋಗಿ ಅಂದ್ರೆ ಇಲ್ಲ. ಕಾಲುಚೀಲ ಹಿಡ್ಕೊಂಡು ಊರು ಸುತ್ತಿ. ಜನ ನಗ್ತಾರೆ" ಅಂದರು.

"ಎಲ್ಲಿ ನಕ್ಕರೇನು?" ಎಂದು ಇವರು ಚಪ್ಪಲಿ ಮೆಟ್ಟಿದರು.

ಬಾಗಿಲು ತೆರೆದದ್ದು ಶಾಂತಮ್ಮನವರ ಸೊಸೆ ಸುಮಿತ್ರಾ. ಹಜಾರದಲ್ಲಿ, ಕಿಟಕಿಯಿಂದ ಬಿಸಿಲು ಬೀಳುವ ಕಡೆ ದಿವಾನದ ಮೇಲೆ ಕಾಲು ಮಡಚಿ ಕೂತಿದ್ದರು ಶಾಂತಮ್ಮ. ಎಂಬತ್ತರ ಅಂಚು. ಸೀರೆಯ ಮೇಲೆ ಗಂಡಸರ ಸ್ವೆಟರು, ತಲೆಗೆ ಮಂಕಿ ಟೋಪಿ. ಬಂದ ಕಾರಣ ಕೇಳಿ ಆಕೆ ಅವರನ್ನು ಅಡಿಯಿಂದ ಮುಡಿವರೆಗೂ ನೋಡಿದರು.

"ಯಾವೂರು?"

"ಮಧುಗಿರಿ ಕಡೆ. ದಿಲ್ಲಿಗೆ ಬಂದು ಒಂದು ಜನ್ಮ ಆಯ್ತು ಅಮ್ಮ."

"ನಾನು ಬಳ್ಳಾರಿ. ಎಷ್ಟಕ್ಕೆ ಕಳಿಸಿದ್ರು ನಿಮ್ಮನ್ನ?"

"ಅರವತ್ತಕ್ಕೆ."

"ನನ್ನನ್ನ ಐವತ್ತೆಂಟಕ್ಕೇ ಮುದುಕಿ ಅಂತ ಕಳಿಸಿದ್ರು. ಆಮೇಲೆ ಯಾವಾಗ್ಲೋ ಅರವತ್ತು ಮಾಡಿದ್ರಂತೆ. ಅಲ್ರೀ, ನಿಮಗೆ ಎರಡು ವರ್ಷ ಹೆಚ್ಚಿಗೆ ಕೊಟ್ರಲ್ಲ, ಅದರಲ್ಲಿ ಏನು ಕಲಿತ್ರಿ?"

ಅಡುಗೆಮನೆಯಲ್ಲಿ ಸುಮಿತ್ರಾ ನಕ್ಕದ್ದು ಕೇಳಿಸಿತು.

"ಹೇಳಿಕೊಡ್ತೀನಿ" ಎಂದರು ಶಾಂತಮ್ಮ. "ಇಷ್ಟು ವರ್ಷದಲ್ಲಿ ಹೇಳಿಕೊಡಿ ಅಂತ ಬಂದೋರು ನೀವೇ ಮೊದಲು. ಆದ್ರೆ ನಾನು ಪುಕ್ಕಟೆ ಹೇಳಿಕೊಡೋಳಲ್ಲ. ನೀವೂ ನನಗೇನಾದ್ರೂ ಹೇಳಿಕೊಡ್ಬೇಕು. ಏನು ಬರುತ್ತೆ ನಿಮಗೆ?"

ಇದೊಳ್ಳೇ ಪೇಚಾಯಿತು. ಏನು ಬರುತ್ತದೆ? ಟಿಪ್ಪಣಿ ಬರೆಯಲು ಬರುತ್ತದೆ. ಇನ್ನೊಬ್ಬರ ಟಿಪ್ಪಣಿ ತಿದ್ದಲು ಇನ್ನೂ ಚೆನ್ನಾಗಿ ಬರುತ್ತದೆ. ಯಾವ ಕಡತ ಯಾರ ಮೇಜಿನಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ಮೂಗಿನಿಂದಲೇ ಹೇಳಬಲ್ಲರು. ಇವುಗಳಲ್ಲಿ ಯಾವುದನ್ನೂ ಮಂಕಿ ಟೋಪಿ ಹಾಕಿದ ಅಜ್ಜಿಗೆ ಕಲಿಸುವ ಹಾಗಿರಲಿಲ್ಲ. ಅವರು ತಡವರಿಸುತ್ತಿದ್ದಾಗ ಶಾಂತಮ್ಮನೇ ಮೂಲೆಯತ್ತ ಗಲ್ಲ ತೋರಿಸಿದರು. ಅಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು ಒಂದು ಕಂಪ್ಯೂಟರ್.

"ಮಗ ಮುರಳೀಧರ ತಂದಿಟ್ಟಿದಾನೆ. ಅದರಲ್ಲಿ ಊರನ್ನ ಮೇಲಿಂದ ನೋಡ್ಬೋದಂತೆ, ಹದ್ದು ನೋಡಿದ ಹಾಗೆ. ನಿಜಾನಾ? ನನಗೆ ಬಳ್ಳಾರಿ ನೋಡ್ಬೇಕು. ಯಾರೋ ತೋರಿಸೋದಲ್ಲ, ನಾನೇ ನನ್ನ ಕೈಯಲ್ಲಿ ಒತ್ತಿ ಒತ್ತಿ ಹೋಗ್ಬೇಕು. ಇವನಿಗೆ ಪುರುಸೊತ್ತಿಲ್ಲ, ಅವಳಿಗೆ ಬರಲ್ಲ. ನೀವು ಸಚಿವಾಲಯದೋರು, ನಿಮಗೆ ಬರಲೇಬೇಕಲ್ಲ?"

ಬರುವುದಿಲ್ಲ ಎಂದು ಹೇಳುವುದು ಒಂದೇ ಮಾತಿನ ಕೆಲಸ. ವೆಂಕಟಸುಬ್ಬಯ್ಯನವರ ಬಾಯಿಂದ ಬಂದದ್ದು ಮಾತ್ರ, "ನೋಡೋಣ ಅಮ್ಮ, ನಾಳೆಯಿಂದ ಶುರು ಮಾಡೋಣ" ಎಂದು.

ಹೊರಡುವಾಗ ಸುಮಿತ್ರಾ ಲಿಫ್ಟಿನವರೆಗೂ ಬಂದರು. ದನಿ ತಗ್ಗಿಸಿ ಹೇಳಿದರು: "ಅಂಕಲ್, ಒಂದ್ಮಾತು. ಅತ್ತೆಗೆ ಈಚೆಗೆ ಸ್ವಲ್ಪ ಮರೆವು ಶುರುವಾಗಿದೆ. ಬೆಳಿಗ್ಗೆ ಇದ್ದದ್ದು ಸಂಜೆಗೆ ಇರಲ್ಲ. ಹೊಸದೇನಾದ್ರೂ ಕಲೀತಾ ಇದ್ದಷ್ಟು ದಿನ ಒಳ್ಳೇದು ಅಂತ ಡಾಕ್ಟರ್ ಅಂದಿದಾರೆ. ನೀವು ಬರೋದು ಬಿಡಬೇಡಿ. ಕೇಳಿದ್ದೇ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ."

ಆ ಸಂಜೆ ಹರಿಣಿ ಆಫೀಸಿನಿಂದ ಬಂದು ಶೂ ಬಿಚ್ಚುವುದರೊಳಗೆ ಅಪ್ಪ ಅವಳ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೊದಲ ದಿನ ಅವಳಿಗೆ ತಮಾಷೆ ಅನ್ನಿಸಿತು. ಎರಡನೇ ದಿನವೂ ಅನ್ನಿಸಿತು. ಎರಡು ಸಲ ಪಟಪಟ ಒತ್ತಬೇಕಾದ ಕಡೆ ಅಪ್ಪ ಒಂದು ಸಲ ಒತ್ತಿ, ಯೋಚಿಸಿ, ಇನ್ನೊಂದು ಸಲ ಒತ್ತುತ್ತಿದ್ದರು, ಸಹಿಯ ಕೆಳಗೆ ತಾರೀಖು ಹಾಕುವ ಗಾಂಭೀರ್ಯದಲ್ಲಿ. ವಾರ ಕಳೆಯುವಷ್ಟರಲ್ಲಿ ಅವಳ ತಾಳ್ಮೆ ಮುಗಿಯಿತು. "ಅಪ್ಪಾ, ಕಿತ್ನೀ ಬಾರ್, ಎಷ್ಟು ಸಲ ಹೇಳ್ಲಿ? ಇದು ಇಷ್ಟು ಸಿಂಪಲ್ ಇದೆ! ರೆಹ್ನೇ ದೋ, ನಿಮಗೆ ಆಗಲ್ಲ ಬಿಡಿ."

ಬಿಡಿ. ಮತ್ತೆ ಅದೇ ಮಾತು. ವೆಂಕಟಸುಬ್ಬಯ್ಯನವರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತರು. ಹರಿಣಿಗೆ ತಕ್ಷಣ ಕೆಟ್ಟದೆನ್ನಿಸಿ ಹಿಂದೆಯೇ ಬಂದಳು, ತೋಳು ಹಿಡಿದುಕೊಂಡಳು. ಆದರೂ ಆಡಿದ ಮಾತು ಆಡಿ ಆಗಿತ್ತು.

ಮಾರನೇ ದಿನ ಅವರು ಶಾಂತಮ್ಮನವರ ಮನೆಗೆ ಹೋದದ್ದು ಒಪ್ಪಿಕೊಂಡುಬಿಡಲು. "ಅಮ್ಮ, ನಿಜ ಹೇಳ್ತೀನಿ. ನನಗೆ ಕಂಪ್ಯೂಟರ್ ಬರಲ್ಲ. ಮಗಳ ಹತ್ತಿರ ಹಿಂದಿನ ದಿನ ಕಲಿತು ಮಾರನೇ ದಿನ ನಿಮಗೆ ಹೇಳಿಕೊಡ್ತಿದ್ದೆ. ಈಗ ಅದೂ ನಿಂತಿತು. ನನ್ನ ತಲೆ ಮುಚ್ಚಿಹೋಗಿದೆ."

ಶಾಂತಮ್ಮ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಗೊತ್ತು ಕಣಯ್ಯಾ. ಇಲೀನ ನೀನು ಹಾವು ಹಿಡಿದ ಹಾಗೆ ಹಿಡಿದಾಗಲೇ ಗೊತ್ತಾಯ್ತು." ಯಾವಾಗಲೋ ಆಕೆ ನೀವು ಬಿಟ್ಟು ನೀನಿಗೆ ಇಳಿದಿದ್ದರು. "ಆದ್ರೂ ನೀನು ಹೇಳಿದ್ದು ನನಗೆ ಅರ್ಥ ಆಯ್ತಲ್ಲ, ಮುರಳಿ ಹೇಳಿದ್ದು ಆಗಲಿಲ್ಲ. ಯಾಕೆ ಹೇಳು? ಅವನು ಎಡವಿಯೇ ಇಲ್ಲ. ಕಲ್ಲು ಎಲ್ಲಿದೆ ಅಂತ ಅವನಿಗೇನು ಗೊತ್ತು? ನಿನಗೆ ಎಲ್ಲೆಲ್ಲಿ ತಪ್ಪಿತೋ ಅದನ್ನೇ ಹೇಳು, ಸಾಕು. ತಲೆ ಮುಚ್ಚಿದೆಯೋ ತೆರೆದಿದೆಯೋ ಆಮೇಲೆ ನೋಡೋಣ. ಈಗ ಕಡ್ಡಿ ಹಿಡಿ."

ಹಾಗೆ ಹೇಳಿ ನಾಲ್ಕು ಹೆಣಿಗೆ ಕಡ್ಡಿ ಅವರ ಕೈಗಿಟ್ಟರು.

ಆ ಮಾಘದ ಚಳಿಯಲ್ಲಿ, ಹೊರಗೆ ಎದುರಿನ ಬಿಲ್ಡಿಂಗು ಕಾಣದಷ್ಟು ಮಂಜು ಕವಿದಿದ್ದ ದಿನಗಳಲ್ಲಿ, ಆ ಹಜಾರದಲ್ಲಿ ದಿನವೂ ಎರಡು ತರಗತಿ ನಡೆದವು. ಮೊದಲು ಕಂಪ್ಯೂಟರು. ಶಾಂತಮ್ಮನ ಬೆರಳು ಇವರದಕ್ಕಿಂತ ಚುರುಕು. ಎರಡು ಸಲ ಪಟಪಟ ಒತ್ತುವುದು ಆಕೆಗೆ ಮೊದಲ ದಿನವೇ ಬಂತು. ವೆಂಕಟಸುಬ್ಬಯ್ಯನವರಿಗೆ ಹೊಟ್ಟೆಕಿಚ್ಚಾಯಿತು. ಆದರೆ ಆಕೆಗೆ ಮರುದಿನ ಎಲ್ಲಿಂದ ಶುರು ಮಾಡಬೇಕೆಂದು ನೆನಪಿರುತ್ತಿರಲಿಲ್ಲ, ಇವರು ದಿನವೂ ಮೊದಲಿನಿಂದ ಹೇಳುತ್ತಿದ್ದರು. ದಿನವೂ ಹೇಳಿ ಹೇಳಿ ಇವರಿಗೇ ಬಾಯಿಪಾಠವಾಗಿಬಿಟ್ಟಿತು. ಒಂದು ಮಧ್ಯಾಹ್ನ ಇಬ್ಬರೂ ಉಸಿರು ಬಿಗಿಹಿಡಿದು ಕೂತು, ಭೂಮಿಯ ಗೋಲವನ್ನು ತಿರುಗಿಸಿ, ಹಿಂದೂಸ್ತಾನಕ್ಕೆ ಇಳಿದು, ದಾರಿ ತಪ್ಪಿ ಒಮ್ಮೆ ಅರಬ್ಬೀ ಸಮುದ್ರಕ್ಕೆ ಬಿದ್ದು, ಕೊನೆಗೆ ಬಳ್ಳಾರಿ ಮುಟ್ಟಿದರು. ಇಂಟರ್ನೆಟ್ಟಿನ ನಿಧಾನಕ್ಕೆ ಚಿತ್ರ ತುಂಡು ತುಂಡಾಗಿ ಬಂತು. ಬಂದ ಮೇಲೆ ನೋಡಿದರೆ ಕಂದು ಬಣ್ಣದ ಒಂದು ಮಸುಕು, ನಡುವೆ ಬೆಟ್ಟವಿರಬಹುದಾದ ಒಂದು ಕಲೆ. ಬೀದಿ ಇಲ್ಲ, ಮನೆ ಇಲ್ಲ.

ವೆಂಕಟಸುಬ್ಬಯ್ಯನವರಿಗೆ ನಿರಾಸೆಯಾಯಿತು. ಶಾಂತಮ್ಮ ಮಾತ್ರ ಚಪ್ಪಾಳೆ ತಟ್ಟಿದರು. "ಅಯ್ಯಯ್ಯೋ! ಮೇಲಿಂದ ನೋಡಿದ್ರೂ ಬರೀ ಬಿಸಿಲೇ! ಸುಮಿತ್ರಾ, ಬಾರೇ ಇಲ್ಲಿ, ನನ್ನ ತವರು ನೋಡು, ಹೋಳಿಗೆ ಸೀದ ಹಾಗಿದೆ!"

ಆಮೇಲೆ ಹೆಣಿಗೆ. ಅಲ್ಲಿ ಶಾಂತಮ್ಮನಿಗೆ ಮರೆವಿನ ಸುಳಿವೇ ಇರುತ್ತಿರಲಿಲ್ಲ. ಒಂದು ಕುಣಿಕೆ ತಪ್ಪಿದರೂ, "ಬಿಚ್ಚು" ಅನ್ನುವರು. ಪೂರ್ತಿ ಬಿಚ್ಚಬೇಕು. ಮೂರು ಸಂಜೆಯ ಕೆಲಸ ಒಂದು ಎಳೆತಕ್ಕೆ ಉಂಡೆಯಾಗಿ ಮಡಿಲಿಗೆ ಬೀಳುತ್ತಿತ್ತು. ವೆಂಕಟಸುಬ್ಬಯ್ಯನವರು ಹಲ್ಲು ಕಚ್ಚಿಕೊಂಡು ಮತ್ತೆ ಶುರು ಮಾಡುವರು. ತಾನು ಇನ್ನೊಬ್ಬರ ಕರಡುಗಳನ್ನು ಹೀಗೇ ಬಿಚ್ಚಿಸುತ್ತಿದ್ದಾಗ ಅವರಿಗೆಲ್ಲ ಹೇಗಾಗಿರಬಹುದು ಎಂದು ಮೊಟ್ಟಮೊದಲ ಬಾರಿಗೆ ಅನ್ನಿಸಿ ತಲೆ ಕೆರೆದುಕೊಂಡರು.

ಮೇಲಿನ ಪಟ್ಟಿ ಆಯಿತು, ಕಾಲು ಆಯಿತು. ಕೊನೆಗೊಂದು ದಿನ ಹಿಮ್ಮಡಿಗೆ ಬಂದು ತಲುಪಿದರು.

"ಈಗ ನೋಡು" ಎಂದರು ಶಾಂತಮ್ಮ. "ಅರ್ಧದಷ್ಟು ಕುಣಿಕೆ ಈ ಕಡ್ಡಿಯಲ್ಲಿ ಬಿಟ್ಟುಬಿಡು. ಮುಟ್ಟಬೇಡ. ಅವು ಕಾಯ್ತಿರ್ಲಿ. ಮಿಕ್ಕ ಅರ್ಧದಲ್ಲೇ ಹೋಗಿ ಬಂದು ಮಾಡು, ಒಂದು ಬೆರಳುದ್ದ ಇಳೀಲಿ. ಆಯ್ತಾ? ಈಗ ಸಾಲು ಹಿಡಿ. ನಡು ದಾಟು. ನಿಲ್ಲು!"

"ಇನ್ನೂ ಸಾಲು ಮುಗಿದಿಲ್ಲ ಅಮ್ಮ."

"ಮುಗಿಸಬಾರದು. ಅದೇ ಗುಟ್ಟು. ಮುಗಿಸೋ ಮೊದಲೇ ವಾಪಸ್ ತಿರುಗು. ಆ ಕಡೇನೂ ಹಾಗೇ, ನಡು ದಾಟಿದ ಕೂಡಲೇ ತಿರುಗು. ಪ್ರತಿ ಸಲ ತಿರುಗಿದ ಕಡೆ ಒಂದು ಸಂದು ಬೀಳುತ್ತಲ್ಲ, ಮುಂದಿನ ಸಲ ಆ ಸಂದಿನ ಆಚೆ ಈಚೆ ಎರಡು ಕುಣಿಕೆ ಸೇರಿಸಿ ಒಂದು ಮಾಡು. ಒಂದೊಂದೇ ಹೆಜ್ಜೆ ಅಗಲ ಆಗ್ತಾ ಹೋಗು."

ವೆಂಕಟಸುಬ್ಬಯ್ಯನವರು ಹೋದರು, ತಿರುಗಿದರು, ಬಂದರು, ತಿರುಗಿದರು. ತಮ್ಮ ಬೆರಳುಗಳ ನಡುವೆ ಚಪ್ಪಟೆ ಪಟ್ಟಿ ನಿಧಾನವಾಗಿ ಉಬ್ಬಿ ಬೊಗಸೆಯಾಗತೊಡಗಿತು. ಯಾರೂ ಅದನ್ನು ಬಗ್ಗಿಸುತ್ತಿರಲಿಲ್ಲ. ನಡುವೆ ಸಾಲು ಹೆಚ್ಚು, ಅಂಚಿನಲ್ಲಿ ಕಡಿಮೆ, ಅಷ್ಟೇ. ಅಷ್ಟಕ್ಕೇ ಬಟ್ಟೆ ತಾನಾಗಿ ತಿರುಗಿಕೊಂಡುಬಿಡುತ್ತದೆ! ಬಿಟ್ಟಿದ್ದ ಕುಣಿಕೆಗಳು ಕಡ್ಡಿಯ ಮೇಲೆ ಒಂದೂ ಜಾರದೆ ಹಾಗೇ ಇದ್ದವು. ಅವನ್ನು ಮತ್ತೆ ಸುತ್ತಿನೊಳಕ್ಕೆ ಸೇರಿಸಿಕೊಂಡರೆ ಮುಂದೆ ಪಾದ. ಅವರ ಬಾಯಿಂದ "ಅರೆರೇ" ಎಂದು ಹೊರಟಿತು, ಮೀನು ಕಂಡ ಮಗುವಿನ ಬಾಯಿಂದ ಹೊರಡುವ ಹಾಗೆ. ಅಂದು ಮನೆಗೆ ನಡೆದುಹೋಗುವಾಗ ಅವರಿಗೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಹೇಳಬೇಕೆನ್ನಿಸಿತು. ಯಾರೂ ಸಿಗಲಿಲ್ಲ. ಪಂಕಜಾಗೆ ತೋರಿಸಿದರು. ಆಕೆ ಕೈಯಲ್ಲಿದ್ದ ಸೌಟು ಬದಿಗಿಟ್ಟು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದರು. "ಇದು ನೀವೇ ಮಾಡಿದ್ದಾ? ಸತ್ಯ ಹೇಳಿ" ಅಂದರು.

ಆದರೆ ಅವರಿಗೆ ಒಳಗೊಳಗೇ ಒಂದು ಅನುಮಾನ ಉಳಿದಿತ್ತು. ಪಕ್ಕದಲ್ಲಿ ಕೂತು ಆಕೆ ನಿಲ್ಲು, ತಿರುಗು ಅಂದರು. ಇವರು ನಿಂತರು, ತಿರುಗಿದರು. ಅದು ಕಲಿತದ್ದೋ, ಹೇಳಿದ್ದು ಕೇಳಿದ್ದೋ? ಅಪ್ಪಣೆ ಪಾಲಿಸುವುದು ಅವರಿಗೆ ಮೊದಲೂ ಬರುತ್ತಿತ್ತು.

ಹೋಳಿ ಮುಗಿಯಿತು. ದಿಲ್ಲಿಯ ಬೇಸಿಗೆಗೆ ಪೀಠಿಕೆ ಗೀಠಿಕೆ ಇಲ್ಲ, ನಿನ್ನೆ ರಜಾಯಿ, ಇಂದು ಫ್ಯಾನು. ಆ ವರ್ಷದ ಕೊನೆಯ ಕಾಲುಚೀಲ ಭಾಟಿಯಾರ ಕಡೆಯಿಂದ ಹಿಮ್ಮಡಿಗೆಂದು ಬಂದಿತ್ತು. ವೆಂಕಟಸುಬ್ಬಯ್ಯನವರು ಹೋದಾಗ ಶಾಂತಮ್ಮ ದಿವಾನದ ಮೇಲೆ ಅದನ್ನು ಹಿಡಿದು ಕೂತಿದ್ದರು. ಟೋಪಿ ಇರಲಿಲ್ಲ, ಬಿಳಿ ಕೂದಲು ಫ್ಯಾನಿನ ಗಾಳಿಗೆ ಹಾರುತ್ತಿತ್ತು. ಕಡ್ಡಿಗಳು ಓಡುತ್ತಿರಲಿಲ್ಲ.

ಬಾಗಿಲ ಹತ್ತಿರ ನಿಂತಿದ್ದ ಸುಮಿತ್ರಾರ ಕಣ್ಣು ತೇವವಾಗಿತ್ತು. "ಬೆಳಿಗ್ಗೆಯಿಂದ ಹೀಗೇ ಕೂತಿದಾರೆ" ಎಂದು ಪಿಸುಗುಟ್ಟಿದರು. "ಕಾಲಿನ ಭಾಗ ಮುಗಿದೇ ಬಂದಿದೆ, ಮುಂದೆ ಹೋಗ್ತಿಲ್ಲ."

ವೆಂಕಟಸುಬ್ಬಯ್ಯನವರು ಹೋಗಿ ಪಕ್ಕದಲ್ಲಿ ಕೂತರು. ಶಾಂತಮ್ಮ ಅವರತ್ತ ನೋಡಿದರು. ಬಂದ ಅತಿಥಿಯನ್ನು ನೋಡುವ ಸೌಜನ್ಯದ ನೋಟ. "ಬನ್ನಿ, ಬನ್ನಿ. ನೋಡಿ ಇದು, ಇಲ್ಲಿವರೆಗೆ ಬಂದಿದೆ. ಇಲ್ಲಿಂದ ಏನೋ ಒಂದು ಮಾಡ್ಬೇಕು. ಕೈ ತುದೀಲಿದೆ, ಬರ್ತಿಲ್ಲ." ಆಕೆಯ ದನಿಯಲ್ಲಿ ಹೆದರಿಕೆ ಇತ್ತು. ಆಕೆ ಹೆದರಿದ್ದನ್ನು ಇವರು ಇದುವರೆಗೆ ಕಂಡಿರಲಿಲ್ಲ.

ನಿಲ್ಲು ಅನ್ನಲು, ತಿರುಗು ಅನ್ನಲು ಈಗ ಯಾರೂ ಇಲ್ಲ. ತಪ್ಪಿದರೆ ತಿದ್ದುವವರೂ ಇಲ್ಲ. ಇವರು ಮೊದಲ ಸಾಲಿನಿಂದ ಒಮ್ಮೆ ಮನಸ್ಸಿನಲ್ಲೇ ಎಣಿಸಿಕೊಂಡರು. ಆಮೇಲೆ ಆಕೆಯ ಕೈಯಿಂದ ಕಸಿದುಕೊಳ್ಳದೆ, ಆ ಸುಕ್ಕುಗಟ್ಟಿದ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು.

"ಅರ್ಧದಷ್ಟು ಕುಣಿಕೆ ಈ ಕಡ್ಡಿಯಲ್ಲಿ ಬಿಟ್ಟುಬಿಡೋಣ ಅಮ್ಮ. ಅವು ಕಾಯ್ತಿರ್ಲಿ. ಮಿಕ್ಕ ಅರ್ಧದಲ್ಲಿ ಹೋಗಿ ಬಂದು ಮಾಡೋಣ."

ಫ್ಯಾನು ತಿರುಗುತ್ತಿತ್ತು. ಪಟ್ಟಿ ಬೆರಳುದ್ದ ಇಳಿಯಿತು. ಸುಮಿತ್ರಾ ಒಲೆಯ ಮೇಲಿನ ಹಾಲು ಮರೆತು ಅಲ್ಲೇ ನಿಂತಿದ್ದರು.

"ಈಗ ನಡು ದಾಟಿದ್ವಿ. ಇಲ್ಲಿ ನಿಲ್ಲಿ."

"ಸಾಲು ಮುಗೀಲಿಲ್ಲವಲ್ಲ?" ಎಂದರು ಶಾಂತಮ್ಮ.

"ಮುಗಿಸಬಾರದು. ವಾಪಸ್ ತಿರುಗಿ."

ಆಕೆ ತಿರುಗಿದರು. ಮತ್ತೆ ಬಂದರು, ಮತ್ತೆ ತಿರುಗಿದರು. ಸಂದು ಬಿದ್ದ ಕಡೆ ಇವರು ಬೆರಳಿಟ್ಟು ತೋರಿಸಿದರು, ಆಕೆ ಎರಡನ್ನು ಒಂದು ಮಾಡಿ ಮುಂದೆ ಹೋದರು. ಕೈಯೊಳಗೆ ಬೊಗಸೆ ಮೂಡತೊಡಗಿದಾಗ ಶಾಂತಮ್ಮನ ಹುಬ್ಬು ಮೇಲಕ್ಕೇರಿತು, ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಅಯ್ಯೋ, ಹೀಗೆ ತಿರುಗುತ್ತಾ ಇದು! ಎಷ್ಟು ಚೆನ್ನಾಗಿದೆ! ಯಾರ್ರೀ ಕಲಿಸಿದ್ರು ನಿಮಗೆ?"

ವೆಂಕಟಸುಬ್ಬಯ್ಯನವರು ಜಾರುತ್ತಿದ್ದ ಒಂದು ಕುಣಿಕೆಯನ್ನು ಕಡ್ಡಿಗೆ ಸೇರಿಸುತ್ತ, "ಒಬ್ಬ ಅಮ್ಮ" ಅಂದರು. "ಬಳ್ಳಾರಿಯವರು."

"ಬಳ್ಳಾರಿಯವರಾ? ನಮ್ಮ ಕಡೆಯೋರೇ! ಹಾಗಾದ್ರೆ ಜೋರಿರ್ಬೇಕು."

"ತುಂಬಾ ಜೋರು. ಒಂದು ಕುಣಿಕೆ ತಪ್ಪಿದ್ರೆ ಪೂರ್ತಿ ಬಿಚ್ಚಿಸಿಬಿಡ್ತಾರೆ."

"ಹಾಗೇ ಇರ್ಬೇಕು" ಎಂದು ಶಾಂತಮ್ಮ ತೃಪ್ತಿಯಿಂದ ತಲೆದೂಗಿದರು. "ಅದಕ್ಕೇ ನಿಮಗೆ ಬಂದಿದೆ. ಹೂಂ, ಮುಂದಿನ ಸಾಲು ತೋರಿಸಿ."

ಅವರು ಕನ್ನಡಕ ಒರೆಸಿಕೊಂಡು ಮುಂದಿನ ಸಾಲು ತೋರಿಸಿದರು.